ಮುದ್ದೆಯನ್ನು ಅಗಿಯೋದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳೋದು ಹೇಗೆ

ತಂಗೀ, ಹಾಸನದಿಂದ ನೀನು ಕೇಳಿರೋದು ಎರಡು ಪ್ರಶ್ನೆ. ಮುಂದಿನ ತಿಂಗಳು ಐಇಎಲ್‌ಟಿಎಸ್ ಸ್ಪೀಕಿಂಗ್ (ಹೊರದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಾಡೋ ಭಾಗ) ಇದೆ, ಇಷ್ಟದ ಊಟ ಯಾವುದು ಅಂತ ಕೇಳಿದರೆ ಮುದ್ದೆ-ಸಾರು ಅನ್ನಬಹುದಾ, ಇಲ್ಲ ಕೋಚಿಂಗ್‌ನವರು ಬರೆಸಿದ ಪಿಜ್ಜಾ ಉತ್ತರವನ್ನೇ ಒಪ್ಪಿಸಬೇಕಾ ಅನ್ನೋದು ಒಂದು. ಮೆಲ್ಬರ್ನ್‌ನಲ್ಲಿ ನಮ್ಮ ಕಡೆ ಊಟ ಸಿಗುತ್ತಾ ಅನ್ನೋದು ಇನ್ನೊಂದು. ಎರಡನೇದು ಆಮೇಲೆ. ಮೊದಲನೇದಕ್ಕೆ ಕೂತು ಬರೀತೀನಿ, ಯಾಕಂದ್ರೆ ಆ ಗುಂಡಿಗೆ ಬಿದ್ದು ಎದ್ದವಳು ನಾನು.

ನಾನು ಮೂಡಿಗೆರೆ ಕಡೆಯವಳು. ಮೊದಲ ಸಲ ಪರೀಕ್ಷೆಗೆ ಕೂತಾಗ ನನಗೆ ಬಾಯಿಪಾಠ ಮಾಡಿಸಿದ್ದು ಪಾಸ್ತಾ. ‘ಐ ಆ್ಯಮ್ ಎ ಹ್ಯೂಜ್ ಫ್ಯಾನ್ ಆಫ್ ಇಟಾಲಿಯನ್ ಕ್ವಿಸೀನ್’ ಅಂತ ಶುರು ಮಾಡಿದೆ, ನೀರು ಕುಡಿದ ಹಾಗೆ ಬಂತು. ಎದುರಿಗಿದ್ದಾಕೆ ತಣ್ಣಗೆ ಕೇಳಿದಳು: ಮನೇಲಿ ಯಾರು ಮಾಡ್ತಾರೆ? ಚಿಕ್ಕವಳಿದ್ದಾಗಲೂ ಇಷ್ಟ ಇತ್ತಾ? ನಾನು ಅಲ್ಲಿಯವರೆಗೆ ಪಾಸ್ತಾ ತಿಂದೇ ಇರಲಿಲ್ಲ, ಪೊಟ್ಟಣ ನೋಡಿದ್ದೆ ಅಷ್ಟೆ. ಅಜ್ಜಿ ಮಾಡ್ತಾರೆ ಅಂದುಬಿಟ್ಟೆ. ನಮ್ಮಜ್ಜಿ, ಪಾಸ್ತಾ! ಅಲ್ಲಿಂದ ಮುಂದೆ ನಾಲಿಗೆ ಏಳಲೇ ಇಲ್ಲ. ಬಂದಿದ್ದು 9ಕ್ಕೆ 6. ನಿನಗೆ ಬೇಕಿರೋದು 7.

ಆ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ. ಮೊದಲ ನಾಲ್ಕೈದು ನಿಮಿಷ ಮನೆ, ಊರು, ಊಟ ಅಂತ ಲಘುವಾಗಿ ಕೇಳ್ತಾರೆ. ಆಮೇಲೆ ಒಂದು ಚೀಟಿ ಕೊಟ್ಟು, 1 ನಿಮಿಷ ಯೋಚನೆಗೆ ಬಿಟ್ಟು, 2 ನಿಮಿಷದವರೆಗೆ ಮಾತಾಡು ಅಂತಾರೆ. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಅಂಕ ನಾಲ್ಕು ಕಡೆಯಿಂದ ಸಮನಾಗಿ ಬರುತ್ತೆ: ತಡವರಿಸದೆ ಕೊಂಡಿ ತಪ್ಪದೆ ಮಾತಾಡೋದು, ಪದಗಳು, ವ್ಯಾಕರಣ, ಉಚ್ಚಾರ. ನಿನ್ನ ರುಚಿಗೆ ಅಂಕ ಇಲ್ಲ ಅನ್ನೋದನ್ನ ನೋಡು. ಮುದ್ದೆ ತಿನ್ನೋಳು ಅಂತ ಯಾರೂ ಒಂದು ಅಂಕ ಕಡಿಯಲ್ಲ, ಪಿಜ್ಜಾ ಅಂದೆ ಅಂತ ಕೊಡೋದೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಅದನ್ನ ಕೋಚಿಂಗ್‌ನಲ್ಲಿ ನನಗೆ ಯಾರೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಇಲ್ಲದ ಪದವನ್ನ ಬೇರೆ ಮಾತಲ್ಲಿ ಬಿಡಿಸಿ ಹೇಳೋ ಶಕ್ತಿಗೂ ‘ಪದಗಳು’ ಅನ್ನೋ ಭಾಗದಲ್ಲಿ ಬೆಲೆ ಇದೆ. ಪಿಜ್ಜಾಗೆ ಬಿಡಿಸೋದೇನಿದೆ? ಅದೇ ಹಿತಕಿದವರೆ ತಗೋ. ಕಾಯಿ ಸುಲಿದು, ಕಾಳು ನೆನೆಸಿ, ಎರಡು ಬೆರಳಲ್ಲಿ ಹಿತಕಿದರೆ ಬೇಳೆ ಚಂಗನೆ ಹಾರಿ ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಪಾಡ್, ಸೋಕ್, ಸ್ಕ್ವೀಝ್, ಪಾಪ್ ಔಟ್, ಸ್ಕಿನ್ – ಯಾವುದೂ ನೀನು ಹೊಸದಾಗಿ ಕಲೀಬೇಕಾದ ಪದ ಅಲ್ಲ, ಆದ್ರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ಸೊಗಡು ಅನ್ನೋದಕ್ಕೆ ಇಂಗ್ಲಿಷಲ್ಲಿ ಪದ ಹುಡುಕಿ ಸುಸ್ತಾಗಬೇಡ. ಮಾಗಿ ಚಳೀಲಿ ಕಾಯಿಯ ಮೇಲೆ ಒಂಥರಾ ಎಣ್ಣೆ ಜಿನುಗುತ್ತೆ, ಸುಲಿದ ಮೇಲೆ ಸೋಪು ಹಾಕಿ ತೊಳೆದರೂ ಆ ವಾಸನೆ ಬೆರಳಿಂದ ಹೋಗಲ್ಲ, ಬಸ್ಸಲ್ಲಿ ಪಕ್ಕದವರಿಗೆ ನಮ್ಮನೆ ಸಾರು ಯಾವುದು ಅಂತ ಗೊತ್ತಾಗುತ್ತೆ ಅಂತ ಹೇಳು. ಎರಡು ನಿಮಿಷ ಎಲ್ಲಿ ಹೋಯ್ತು ಅನ್ನಿಸುತ್ತೆ. ಮುದ್ದೆಯನ್ನ ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗ್ತೀವಿ ಅಂತ ನಾನು ಎರಡನೇ ಸಲ ಹೇಳಿದಾಗ ಎದುರಿಗಿದ್ದವನ ಹುಬ್ಬು ಮೇಲೆ ಹೋಗಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಆ ಸಲ 7.5 ಬಂತು.

ನಮ್ಮ ಕಡೆಯವರ ತಪ್ಪು ಎರಡಿವೆ, ಅವು ಊಟದ ಮಾತಲ್ಲೇ ಹೆಚ್ಚು ಸಿಕ್ಕಿಬೀಳೋದು. ಕನ್ನಡದಲ್ಲಿ ದಿನಾ ತಿಂತೀವಿ, ನಾಳೆ ತಿಂತೀವಿ, ಎರಡಕ್ಕೂ ಒಂದೇ ‘ತಿಂತೀವಿ’. ಅದಕ್ಕೇ ನಾವು ‘ಡೈಲಿ ವಿ ವಿಲ್ ಈಟ್ ಮುದ್ದೆ’ ಅಂತೀವಿ. ವಿಲ್ ತೆಗೆದು ಹಾಕು. ಎರಡನೇದು ಹಕಾರ. ಹಾಸನವನ್ನೇ ಆಸ್ನ ಅನ್ನೋ ಊರಿನವಳು ನೀನು. ಹೀಟ್ ಇಟ್ ಅನ್ನೋದು ಈಟ್ ಇಟ್ ಆಗಿ, ಬಿಸಿ ಮಾಡು ಅಂದಿದ್ದು ತಿನ್ನು ಅಂತ ಕೇಳಿಸುತ್ತೆ. ಉಚ್ಚಾರ ಕನ್ನಡದ್ದಾದರೆ ತೊಂದರೆ ಇಲ್ಲ, ಮಾತು ಅರ್ಥ ಆಗದಿದ್ದರೆ ತೊಂದರೆ.

ಕೊನೆಯ ಚರ್ಚೆಯಲ್ಲಿ ‘ನಿಮ್ಮಲ್ಲಿ ಊಟದ ಅಭ್ಯಾಸ ಬದಲಾಗಿದೆಯಾ’ ಅನ್ನೋ ಥರದ್ದು ಕೇಳಬಹುದು. ಫಾಸ್ಟ್ ಫುಡ್ ಆರೋಗ್ಯಕ್ಕೆ ಕೆಟ್ಟದ್ದು ಅನ್ನೋ ಸವಕಲು ಮಾತು ಬೇಡ. ನಿಮ್ಮ ಜಿಲ್ಲೆಯ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ರೋಗ ಬಿದ್ದು, ಎಷ್ಟೋ ರೈತರು ಮುಸುಕಿನ ಜೋಳ, ಶುಂಠಿ ಕಡೆ ಹೋದದ್ದು ನಿನ್ನ ಕಣ್ಣೆದುರೇ ಆಗಿರೋದು. ಹೊಲದಲ್ಲಿ ಬೆಳೆ ಬದಲಾದರೆ ತಟ್ಟೆಗೆ ಏನಾಗುತ್ತೆ ಅಂತ ಹೇಳು.

ಇನ್ನು ನಾನಿರೋ ಈ ಮೆಲ್ಬರ್ನ್‌ನ ಊಟ. ರಾಗಿ ಹಿಟ್ಟು ಇಂಡಿಯನ್ ಅಂಗಡೀಲಿ ಧಾರಾಳ. ಅವರೆಕಾಳು ಫ್ರೀಜರ್‌ನಲ್ಲಿ ಪಾಪ್ಡಿ ಲಿಲ್ವಾ ಅನ್ನೋ ಗುಜರಾತಿ ಹೆಸರಲ್ಲಿ ಕೂತಿರುತ್ತೆ. ಇದು ಗೊತ್ತಾಗೋಕೆ ನನಗೆ ಮೂರು ವರ್ಷ ಹಿಡೀತು. ಸೊಗಡು ಮಾತ್ರ ಇರಲ್ಲ. ಏಷ್ಯನ್ ಅಂಗಡೀಲಿ ಅಕ್ಕಿಹಿಟ್ಟು ತಗೊಳ್ಳುವಾಗ ಗ್ಲುಟಿನಸ್ ಅಂತ ಬರೆದಿದ್ದರೆ ಮುಟ್ಟಬೇಡ, ಅದು ಅಂಟಕ್ಕಿ. ಬಂದ ಹೊಸದರಲ್ಲಿ ಅದರಲ್ಲೇ ರೊಟ್ಟಿ ತಟ್ಟೋಕೆ ಹೋಗಿ ಕಾವಲಿಯನ್ನೇ ಎಸೆದಿದ್ದೀನಿ. ಕಳಲೆ, ಅಂದ್ರೆ ಎಳೆ ಬಿದಿರು, ಡಬ್ಬದಲ್ಲಿ ಸಿಗುತ್ತೆ, ಆದ್ರೆ ಮಳೆಗಾಲದಲ್ಲಿ ಕೊಚ್ಚಿ ಮೂರು ದಿನ ನೀರು ಬದಲಾಯಿಸ್ತಾ ನೆನೆಸಿದ ಕಳಲೆಯ ಹತ್ತಿರಕ್ಕೂ ಬರಲ್ಲ.

ಕೆಲಸದ ಜಾಗದಲ್ಲಿ ನಿನ್ನ ಡಬ್ಬಿ ತೆರೆದ ದಿನವೇ ‘ವಾಟ್ಸ್ ದಟ್?’ ಅಂತ ಕೇಳ್ತಾರೆ. ಹೀಯಾಳಿಸೋಕಲ್ಲ, ಬಹುತೇಕ ಕುತೂಹಲಕ್ಕೇ. ಅವತ್ತೂ ನಿನಗೆ ಒಂದು ನಿಮಿಷ ಮಾತು ಬೇಕು.

ಬರುವಾಗ ಕಾಫಿಪುಡಿ ತಾ. ತಿನ್ನೋ ಸಾಮಾನು ಏನೇ ಇದ್ದರೂ ವಿಮಾನದಲ್ಲಿ ಕೊಡೋ ಕಾರ್ಡ್‌ನಲ್ಲಿ ಮುಚ್ಚಿಡದೆ ‘ಹೌದು’ ಅಂತ ಗುರುತು ಹಾಕು, ಇಲ್ಲದಿದ್ದರೆ ದಂಡ. ನನ್ನ ಪೊಟ್ಟಣ ಎತ್ತಿ ಹಿಡಿದ ಅಧಿಕಾರಿ, ಮೆಲ್ಬರ್ನ್‌ಗೆ ಕಾಫಿ ತರ್ತಾ ಇದ್ದೀಯಾ ಅಂತ ನಕ್ಕ. ಈ ಊರಿನವರಿಗೆ ತಮ್ಮ ಕಾಫಿ ಮೇಲೆ ಅಷ್ಟು ಜಂಬ. ಚಿಕೋರಿ ಅಂದ್ರೆ ಒಂದು ಬೇರು, ಹುರಿದು ಪುಡಿ ಮಾಡಿ ಬೆರೆಸ್ತಾರೆ, ಫಿಲ್ಟರ್‌ನಲ್ಲಿ ರಾತ್ರಿಯಿಡೀ ಹನಿ ಹನಿ ಇಳಿಯುತ್ತೆ, ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದ ಅಂತ ನಮ್ಮ ಬೆಟ್ಟದ ಕಡೆ ಕಥೆ ಇದೆ ಅಂತ ಶುರು ಮಾಡಿದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗೋಕೆ ಹತ್ತಿದ ಮೇಲೆ ಅವನೇ ಸಾಕು ಸಾಕು ಅಂತ ಚೀಲ ವಾಪಸ್ ಕೊಟ್ಟ.