ಜ್ವರ ಬಂದಾಗ ಐರನ್ ಮಾತ್ರೆ ಯಾಕೆ ಬೇಡವಾಯಿತು?

ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟದ ಮನೆಯಿಂದ ಓದುಗರೊಬ್ಬರು ಬರೆದಿದ್ದಾರೆ: “ನನಗೆ ರಕ್ತ ಕಮ್ಮಿ, ಐರನ್ ಮಾತ್ರೆ ತಗೊಳ್ತಿದ್ದೆ. ಕಕ್ಕಡದ ಮಳೆಯಲ್ಲಿ ಜ್ವರ ಜೋರಾಗಿ ಆಸ್ಪತ್ರೆ ಸೇರಿದೆ. ಸೋಂಕು ಇಳಿಯುವ ತನಕ ಆ ಮಾತ್ರೆ ಬೇಡ, ರೋಗಾಣುವಿಗೇ ಊಟ ಬಡಿಸಿದ ಹಾಗಾಗುತ್ತೆ ಅಂದರು ಡಾಕ್ಟರು. ನೀವು ನೋಡಿದರೆ ಹಿಂದಿನ ಸಂಚಿಕೆಯಲ್ಲಿ ‘ಕಬ್ಬಿಣಾಂಶ ಹೆಚ್ಚಿದಷ್ಟೂ ರೋಗ ದೂರ’ ಎಂದು ಬರೆದಿದ್ದೀರಿ. ಯಾರ ಮಾತು ನಂಬಲಿ?”

ಡಾಕ್ಟರ ಮಾತು ನಂಬಿ. ಆ ಸಾಲು ಪ್ರೂಫ್ ನೋಡುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಓದಲು ಚೆನ್ನಾಗಿದೆ ಎಂದು ಉಳಿಸಿಕೊಂಡೆ. ತಪ್ಪು ನನ್ನದು.

ದೊಡ್ಡವರ ಮೈಯಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ರಕ್ತದಲ್ಲಿ ಓಡಾಡುವ ಚೂರುಪಾರನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಸೋಂಕು ತಗುಲಿತೋ, ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ; ಕರುಳಿನಿಂದ ರಕ್ತಕ್ಕೆ ಬರುವ ಕಬ್ಬಿಣಕ್ಕೂ ದಾಸ್ತಾನಿನಿಂದ ಹೊರಡುವ ಕಬ್ಬಿಣಕ್ಕೂ ಬಾಗಿಲು ಬೀಳುತ್ತದೆ. ಆ ಹೊತ್ತಿನಲ್ಲಿ ನುಂಗಿದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದೂ ಇಲ್ಲ.

ಕಬ್ಬಿಣ ಬಚ್ಚಿಟ್ಟು ರೋಗಾಣುವನ್ನು ಉಪವಾಸ ಕೆಡವುವ ಈ ಉಪಾಯದ ಸುಳಿವು ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. ಹಸಿ ಮೊಟ್ಟೆಯ ಬಿಳಿಭಾಗ ಬ್ಯಾಕ್ಟೀರಿಯಾ ಬೆಳೆಯಲು ಬಿಡದು, ಕಬ್ಬಿಣ ಬೆರೆಸಿದರೆ ಮತ್ತೆ ಬೆಳೆಯುತ್ತವೆ ಎಂದು ಶೇಡ್ ಮತ್ತು ಕ್ಯಾರೊಲಿನ್ ಎಂಬ ವಿಜ್ಞಾನಿಗಳು 1944ರಲ್ಲಿ ತೋರಿಸಿದರು.

ಆದರೆ ಉಪವಾಸ ಕೆಡವಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ನನಗೆ ಸೋಜಿಗ ಅನ್ನಿಸುವುದು ಇಲ್ಲೇ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಎಂಟೆರೊಬ್ಯಾಕ್ಟಿನ್ ಎಂಬ ಪುಟ್ಟ ಅಣುವನ್ನು ಹೊರಗೆ ಬಿಡುತ್ತದೆ. ಅದು ಟ್ರಾನ್ಸ್‌ಫೆರಿನ್ ಕೈಯಿಂದಲೇ ಕಬ್ಬಿಣ ಕಿತ್ತುಕೊಂಡು ಮರಳುತ್ತದೆ. ನಮ್ಮ ಬಿಳಿ ರಕ್ತಕಣಗಳೂ ಸುಮ್ಮನಿಲ್ಲ, ಲಿಪೊಕ್ಯಾಲಿನ್-2 ಎಂಬ ಪ್ರೋಟೀನ್ ಬಿಟ್ಟು ಆ ಕಳ್ಳನನ್ನು ದಾರಿಯಲ್ಲೇ ಹಿಡಿಯುತ್ತವೆ. ಸಾಲ್ಮೊನೆಲ್ಲಾ ಇನ್ನೂ ಜಾಣ: ಅದೇ ಅಣುವಿಗೆ ಸಕ್ಕರೆ ಅಂಟಿಸಿ ಕಳಿಸುತ್ತದೆ, ಲಿಪೊಕ್ಯಾಲಿನ್‌ಗೆ ಅದು ಸಿಗುವುದೇ ಇಲ್ಲ. ಟೈಫಾಯ್ಡ್ ತರುವುದೂ ಇದೇ ಕುಲದ್ದು.

ಕೀವು ತುಂಬಿದ ಕುರುವಿನಲ್ಲಿ ಜಗಳ ಸತು ಮತ್ತು ಮ್ಯಾಂಗನೀಸಿಗೆ. ಅವೆರಡನ್ನೂ ನಮ್ಮ ಬಿಳಿ ಕಣಗಳ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಹೀರಿಟ್ಟುಕೊಳ್ಳುತ್ತದೆ. ಕೀವು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾಕ್ಕೆ ನಮ್ಮ ಬಿಳಿ ಕಣಗಳ ವಿಷದಿಂದ ಪಾರಾಗಲು ಮ್ಯಾಂಗನೀಸ್ ಬೇಡುವ ಒಂದು ಕಿಣ್ವ ಇದೆ. ಮ್ಯಾಂಗನೀಸ್ ಸಿಗದಿದ್ದರೆ ಅದು ಕಬ್ಬಿಣದಲ್ಲೂ ನಡೆಯುವ ಇನ್ನೊಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಅಮೆರಿಕ, ಯುರೋಪಿನಲ್ಲಿ ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾವಂತೂ ಕಬ್ಬಿಣದ ಸಹವಾಸವನ್ನೇ ಬಿಟ್ಟು ಮ್ಯಾಂಗನೀಸಿನಲ್ಲಿ ಸಂಸಾರ ಮಾಡುತ್ತದೆ!

ಕಾಫಿಗೆ ಜಿಂಕ್ ಸಲ್ಫೇಟ್ ಹೊಡೆಯುವ ನಿಮಗೆ ಸತುವಿನ ಬರ ಹೊಸದಲ್ಲ. ಎಲೆ ಕಿರಿದಾಗುತ್ತದೆ, ಗೆಣ್ಣು ಗಿಡ್ಡವಾಗುತ್ತದೆ. ಗಿಡವೇನೋ ಹಾಗೆ ಸೊರಗುತ್ತದೆ; ಅನೇಕ ಬ್ಯಾಕ್ಟೀರಿಯಾಗಳು ಸತು ಸಿಗದಾಗ ಪ್ರೋಟೀನ್ ತಯಾರಿಸುವ ತಮ್ಮ ರೈಬೋಸೋಮಿನಿಂದ ಸತು ಹಿಡಿದ ಪ್ರೋಟೀನ್ ತೆಗೆದು ಸತು ಬೇಡದ ಜೋಡಿಯನ್ನು ಕೂರಿಸುತ್ತವೆ, ಉಳಿದ ಸತುವನ್ನು ಬೇರೆ ಕೆಲಸಕ್ಕೆ ಬಳಸುತ್ತವೆ. ಕ್ಷಯದ ಬ್ಯಾಕ್ಟೀರಿಯಾದಲ್ಲೂ ಇಂಥ ಬದಲಿ ಪ್ರೋಟೀನುಗಳಿವೆ. ಇನ್ನೊಂದು ತಮಾಷೆ: ಮಳೆಗೆ ಮುಂಚೆ ನೀವು ತಾಮ್ರದ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ನಮ್ಮ ಮ್ಯಾಕ್ರೊಫೇಜ್ ಕಣಗಳೂ ತಾವು ನುಂಗಿದ ಬ್ಯಾಕ್ಟೀರಿಯಾದ ಮೇಲೆ ಅದೇ ತಾಮ್ರವನ್ನು ಸುರಿಯುತ್ತವೆ. ಒಂದು ಲೋಹ ಬಚ್ಚಿಟ್ಟು, ಇನ್ನೊಂದನ್ನು ವಿಷವಾಗಿ ಉಣಿಸುವುದು.

ಹಾಗಂತ ರಕ್ತ ಕಮ್ಮಿ ಇರುವುದೇ ಒಳ್ಳೆಯದು ಎಂದು ಯಾರೂ ತಿಳಿಯಬಾರದು. ಸೋಂಕಿನ ವಿರುದ್ಧ ಹೋರಾಡುವ ಕಣಗಳಿಗೂ ಕಬ್ಬಿಣ ಬೇಕು. ಮಾತ್ರೆ ಮತ್ತೆ ಯಾವಾಗ ಶುರು ಮಾಡಬೇಕೆಂದು ನಿಮ್ಮ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ನಿಲ್ಲಿಸಿದ್ದನ್ನು ಮರೆತೇಬಿಡುವವರೇ ಹೆಚ್ಚು. ಜ್ವರದ ಸಮಯದಲ್ಲಿ ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದ್ದರೆ ಆ ಅಂಕಿ ನೋಡಿ ಸಮಾಧಾನಪಡಬೇಡಿ, ಸೋಂಕಿನಲ್ಲಿ ಅದು ತಾನಾಗಿಯೇ ಏರುತ್ತದೆ. ಮತ್ತೆ, ತೋಟದವರಿಗೆ ಹೇಳಲು ಸಂಕೋಚವಾಗುತ್ತದೆ, ಆ ಮಾತ್ರೆಯನ್ನು ಕಾಫಿಯ ಜೊತೆ ಮಾತ್ರ ನುಂಗಬೇಡಿ. ಕಾಫಿ ಕಬ್ಬಿಣವನ್ನು ಮೈಗೆ ಸರಿಯಾಗಿ ಸೇರಗೊಡುವುದಿಲ್ಲ.

— ಸಂ.