ಪ್ರಶ್ನೆ: ಹೊಳಲ್ಕೆರೆಯ ನಮ್ಮ ಸಮುದಾಯ ಭವನದ ಊಟದ ಹಾಲಿನಲ್ಲಿ (ಡೈನಿಂಗ್ ಹಾಲ್) ನಾಲ್ಕು ಮೂಲೆಗೆ ನಾಲ್ಕು ಉದ್ದನೆ ಕಾಲಂ ಸ್ಪೀಕರ್ ಇವೆ. ಅಲ್ಲಿನ ಗೋಡೆಗೆ ವಾಲ್ಯೂಮ್ ಗುಂಡಿ ಹಾಕಿಸಬೇಕು. ಲೈಟಿಗೆ ಹೋಗಿರೋ ಹಳೇ ಪೈಪಿನಲ್ಲೇ ಸೌಂಡಿನ ವೈರ್ ಗೋಡೆಗೆ ಎಳೆಯಬಹುದಾ? ಯಾವ ಕಂಪನಿಯದು ಒಳ್ಳೇದು?

"ಹಳೇ ಪೈಪು" ಅನ್ನೋದು ಓದಿದ ಕೂಡಲೇ ಎದೆ ಧಸಕ್ ಅಂತು. ಹೊಳಲ್ಕೆರೆಯ ನಿಮ್ಮ ಸಮುದಾಯ ಭವನವನ್ನು ನಾನು ನೋಡಿಲ್ಲ. ಆದ್ರೆ ವೇದಿಕೆ ಪಕ್ಕದ ರೂಮಿನಲ್ಲಿ ಆಂಪ್ಲಿಫೈಯರ್, ಅಷ್ಟು ದೂರದಲ್ಲಿ ಊಟದ ಹಾಲು, ಬಡಿಸೋರು ಸಾಂಬಾರ್ ಬಕೆಟ್ ಹಿಡ್ಕೊಂಡೇ "ಸೌಂಡ್ ಕಮ್ಮಿ ಮಾಡ್ರೀ" ಅಂತ ಓಡಿ ಬರೋದು, ಇದೆಲ್ಲ ನನಗೆ ಬಾಯಿಪಾಠ.

2009ರ ಮಾತು. ದಾವಣಗೆರೆಯಲ್ಲಿ ಪಿ.ಬಿ. ರಸ್ತೆಗೆ ಹತ್ತಿರದ ಒಂದು ಕಲ್ಯಾಣ ಮಂಟಪ. ಮೈಕ್ ಸೆಟ್ ಬಾಡಿಗೆಗೆ ಕೊಡೋದು ಬಿಟ್ಟು ನಾನು ಫಿಟ್ಟಿಂಗ್ ಕೆಲಸಕ್ಕೆ ಇಳಿದು ಒಂದು ವರ್ಷ ಆಗಿತ್ತು, ಎಲ್ಲಾ ಬರುತ್ತೆ ಅಂತ ತಲೆಗೆ ಏರಿದ್ದ ಕಾಲ. ಮಾಲೀಕರು ಕರೆದು, "ಫ್ಯಾನಿಗೆ ರೆಗ್ಯುಲೇಟರ್ ಐತಲ್ಲ, ಹಂಗಾ ಸೌಂಡಿಗೂ ಒಂದು ಕೂರ್ಸು. ಅಡಿಗಿ ಭಟ್ರೇ ತಿರುವಿಕೊಳ್ಳಲಿ" ಅಂದರು. ಆ ರೆಗ್ಯುಲೇಟರ್ ಅನ್ನೋ ಮಾತೇ ನನ್ನನ್ನು ಹಾಳು ಮಾಡಿದ್ದು. ಫ್ಯಾನಿನ ರೆಗ್ಯುಲೇಟರ್ ಕರೆಂಟು ಹೋಗೋ ದಾರಿಯಲ್ಲೇ ಕೂತಿರುತ್ತೆ. ನಾನೂ ಹಾಗೇ ಸೌಂಡ್ ಹೋಗೋ ದಾರಿಯಲ್ಲಿ ಗುಂಡಿ ಕೂರಿಸಿದೆ.

ಮಾಡಿದ್ದು ಹೇಗೆ ಅಂತ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿರೋ ಪ್ಲಾನು ಅಕ್ಷರಶಃ ಇದೇ. ಮಿಕ್ಸರಿನ (ಮೈಕುಗಳ ಸೌಂಡನ್ನು ಒಟ್ಟು ಸೇರಿಸೋ ಪೆಟ್ಟಿಗೆ) ಲೈನ್ ಔಟಿನಿಂದ, ಅಂದ್ರೆ ಸೌಂಡ್ ಹೊರಬರೋ ತೂತಿನಿಂದ, ಒಂದು ಶೀಲ್ಡ್ ವೈರ್ (ಸುತ್ತ ಲೋಹದ ಜಾಲರಿ ಇರೋದು) ತಗೊಂಡು 45 ಮೀಟರ್ ದೂರದ ಊಟದ ಹಾಲಿನ ಗೋಡೆಗೆ ಒಯ್ದೆ. ಅಲ್ಲಿ ಡಬ್ಬಿಯೊಳಗೆ 100 ಕಿಲೋ ಓಮ್‌ನ ಒಂದು ಪಾಟ್, ಅಂದ್ರೆ ತಿರುವಿದಂತೆ ಪ್ರತಿರೋಧ ಬದಲಾಗೋ ಗುಂಡಿ. ಅಲ್ಲಿಂದ ಮತ್ತೆ 45 ಮೀಟರ್ ವಾಪಸ್ ಬಂದು ಊಟದ ಹಾಲಿನ ಆಂಪ್ಲಿಫೈಯರ್‌ಗೆ. ಗೋಡೆ ಕೊರೆಯೋ ಗೊಡವೆ ಬೇಡ ಅಂತ ಊಟದ ಹಾಲಿನ ಲೈಟಿಗೆ ಹೋಗಿದ್ದ ಹಳೇ ಪೈಪಿನಲ್ಲೇ ಸ್ಪ್ರಿಂಗ್ (ಪೈಪಿನೊಳಗೆ ವೈರ್ ಎಳೆಯೋ ಉದ್ದನೆ ತಂತಿ) ಬಿಟ್ಟು ಎಳೆದುಬಿಟ್ಟೆ. ಅರ್ಧ ದಿನದ ಕೆಲಸ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಖಾಲಿ ಹಾಲಿನಲ್ಲಿ, ಕಿಟಕಿ ಬೆಳಕಿನಲ್ಲಿ ಟ್ರಯಲ್ ಕೊಟ್ಟೆ. ಗುಂಡಿ ಫುಲ್ ಇಟ್ಟು ಕೇಳಿಸಿದೆ, ಸೊನ್ನೆಗೆ ಇಳಿಸಿ ತೋರಿಸಿದೆ. ಮಾಲೀಕರು ಖುಷಿಯಾಗಿ ಬೆಣ್ಣೆ ದೋಸೆ ಕೊಡಿಸಿದರು.

ನಾಲ್ಕನೇ ದಿನ ಆರತಕ್ಷತೆ. ಡೆಕೋರೇಷನ್‌ನವರು ಊಟದ ಹಾಲಿನ ಲೈಟುಗಳಿಗೆ ಡಿಮ್ಮರ್ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಸಂಜೆ ಏಳೂವರೆಗೆ ಲೈಟು ಮಂದ ಮಾಡಿದರು ನೋಡಿ, ಹದಿನಾರು ಸ್ಪೀಕರಿನಲ್ಲೂ ಒಟ್ಟಿಗೇ "ಜುಂಯ್ಯ್". ಮೊದಲ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಹೋಳಿಗೆ ಮುರಿಯೋದು ನಿಲ್ಲಿಸಿ, "ಏನಪ್ಪಾ, ಗ್ವಾಡ್ಯಾಗ ಜೇನು ಕಟ್ಟೇತೇನು?" ಅಂದರು. ಇವತ್ತಿಗೂ ಆ ಮಂಟಪದ ಹುಡುಗರು ನನ್ನನ್ನು ಜೇನಣ್ಣ ಅಂತಲೇ ಕರೆಯೋದು.

ಭಟ್ಟರು ಗುಂಡಿಯನ್ನು ಅರ್ಧಕ್ಕೆ ಇಳಿಸಿದರು. ಜುಂಯ್ ಅನ್ನೋದು ಕಮ್ಮಿ ಆಗೋದಿರಲಿ, ಜಾಸ್ತಿಯೇ ಆಯ್ತು. ಮೈಕಿನಲ್ಲಿ "ಬೀಗರ ಕಡೆಯವರು ಎರಡನೇ ಪಂಕ್ತಿಗೆ ಬರಬೇಕು" ಅಂತ ಕೂಗಿದ್ದು ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸಿತು. ನಾನು ಗಾಬರಿಯಲ್ಲಿ ಆಂಪ್ಲಿಫೈಯರ್ ಬದಲಿಸಿದೆ, ಮಿಕ್ಸರ್ ಬದಲಿಸಿದೆ, ಕೊನೆಗೆ ಅರ್ಥ್ ಪಿನ್ ಕೂಡ ಕಿತ್ತೆ. (ಅದನ್ನು ಮಾತ್ರ ಯಾರೂ ಮಾಡಬೇಡಿ. ಹಮ್ಮಿಂಗ್ ಹೋಗಲಿ ಅಂತ ಅರ್ಥ್ ತೆಗೆಯೋದು ಮೈಕ್ ಹಿಡಿದವನ ಜೀವದ ಜೊತೆ ಆಡಿದ ಹಾಗೆ.)

ಏನಾಗಿತ್ತು ಅಂದ್ರೆ, ಡಿಮ್ಮರ್ ಇದ್ಯಲ್ಲ, ಅದು ನಮ್ಮ 50 ಹರ್ಟ್ಸ್ ಕರೆಂಟನ್ನು ಸೆಕೆಂಡಿಗೆ 100 ಸಲ ಕತ್ತರಿಸುತ್ತೆ. ಒಂದೊಂದು ಕತ್ತರಿಕೆಯೂ ಚೂಪು. ಅದಕ್ಕೇ ಅದು ಗುಂ ಅನ್ನಲ್ಲ, ಜುಂಯ್ ಅನ್ನುತ್ತೆ. ನನ್ನ ವೈರು ಅದೇ ಪೈಪಿನಲ್ಲಿ 45 ಮೀಟರ್ ಉದ್ದಕ್ಕೂ ಅದರ ಮೈಗೆ ಮೈ ಅಂಟಿಸಿ ಮಲಗಿತ್ತು. ಶೀಲ್ಡ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಆ ಜಾಲರಿ ಸ್ವಲ್ಪ ತಡೆಯುತ್ತೆ ನಿಜ, ಆದ್ರೆ ಪಕ್ಕದ ವೈರಿನ ಕರೆಂಟು ಹುಟ್ಟಿಸೋ ಕಾಂತಕ್ಷೇತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬ್ಯಾಲೆನ್ಸ್ಡ್ ಲೈನ್ ಆಗಿದ್ದರೆ, ಅಂದ್ರೆ ಒಂದೇ ಸೌಂಡನ್ನು ಎರಡು ತಂತಿಯಲ್ಲಿ ತಿರುಗುಮುರುಗಾಗಿ ಒಯ್ಯೋದು, ಎರಡು ತಂತಿಯಲ್ಲೂ ಸಮನಾಗಿ ಬಂದ ಗದ್ದಲ ಕೊನೆಯಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತಿತ್ತು. ನನ್ನದು ಒಂಟಿ ತಂತಿ.

ಗಡಿಗೆ ದನಿಯ ಕಾರಣ ಬೇರೆ. ಅದು ತಿಳಿಯೋಕೆ ನನಗೆ ಆರು ತಿಂಗಳು ಹಿಡೀತು. 100 ಕಿಲೋ ಓಮ್ ಪಾಟ್ ಸರಿಯಾಗಿ ಅರ್ಧ ಪ್ರತಿರೋಧದಲ್ಲಿ ನಿಂತಾಗ ಅದರ ಆಚೆಗಿರೋ ವೈರಿಗೆ 25 ಕಿಲೋ ಓಮ್ ಆಗಿ ಕಾಣುತ್ತೆ. ಸಾಧಾರಣ ಶೀಲ್ಡ್ ವೈರಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವೈರು ತನ್ನಲ್ಲೇ ಚಾರ್ಜ್ ಹಿಡಿದಿಡೋ ಗುಣ) ಹಿಡಿದರೆ 45 ಮೀಟರಿಗೆ 4,500. ಈ ಎರಡೂ ಸೇರಿದರೆ ಒಂದು ಫಿಲ್ಟರ್ ತಯಾರು, ಸುಮಾರು 1,400 ಹರ್ಟ್ಸ್‌ನಿಂದ ಮೇಲಿನದೆಲ್ಲ ಇಳೀತಾ ಹೋಗುತ್ತೆ. ಸ, ಶ, ತ ಇಂಥ ಅಕ್ಷರಗಳ ಸ್ಪಷ್ಟತೆಯೆಲ್ಲ ಇರೋದೇ ಅದರ ಮೇಲೆ. ಫುಲ್ ಇಟ್ಟಾಗ, ಸೊನ್ನೆಗೆ ಇಳಿಸಿದಾಗ ಈ ರೋಗ ಇರಲ್ಲ. ಮಧ್ಯದಲ್ಲಿ ಮಾತ್ರ ಜೋರು, ಜುಂಯ್ ಕೂಡ ಅಲ್ಲೇ ಹೆಚ್ಚು ಹತ್ತಿಕೊಳ್ಳುತ್ತೆ. ನಾನು ಟ್ರಯಲ್ ಕೊಟ್ಟಿದ್ದು ಯಾವ ಎರಡು ತುದಿಯಲ್ಲಿ ಅಂತ ಮೇಲೆ ಬರೆದಿದ್ದೀನಿ. 10 ಕಿಲೋ ಓಮ್ ಹಾಕಿದ್ದರೆ ಆ ಮಿತಿ 14,000 ಹರ್ಟ್ಸ್‌ಗೆ ಹೋಗಿ ಗಡಿಗೆ ದನಿಯಾದರೂ ತಪ್ಪುತ್ತಿತ್ತು. ಅಂಗಡಿಯಲ್ಲಿ ಆವತ್ತು ಇದ್ದದ್ದು 100 ಕಿಲೋ, ತಂದೆ, ಹಾಕಿದೆ.

ಮಜೂರಿ ಬರಲಿಲ್ಲ. ಹೊಸ ಪೈಪು, ಗೋಡೆ ಕೊರೆತ, ಸಿಮೆಂಟು, ಪೇಂಟು ಎಲ್ಲ ನನ್ನ ಕೈಯಿಂದ. ಎಂಟು ಸಾವಿರ ಅಂತ ಹೆಂಡತಿ ಲೆಕ್ಕ ಬರೆದಿಟ್ಟಿದ್ದಾಳೆ, ನಾನು ಆರು ಅಂತೀನಿ.

ಎರಡನೇ ಸಲ ಸೌಂಡನ್ನು ಗೋಡೆಗೆ ಒಯ್ಯಲೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಿಂದೆ ರಿಮೋಟ್ ಟರ್ಮಿನಲ್ ಇರೋ ಒಂದು ಸಣ್ಣ ಜೋನ್ ಮಿಕ್ಸರ್ (ಒಂದೊಂದು ಹಾಲಿಗೂ ಬೇರೆ ಬೇರೆ ಸೌಂಡ್ ಕೊಡೋದು) ತಂದೆ. ಅದು ಗೋಡೆಗೆ ಕೆಲವೇ ವೋಲ್ಟ್ ಡಿಸಿ ಕಳಿಸುತ್ತೆ, ಗುಂಡಿ ಅದರಲ್ಲಿ ಎಷ್ಟು ವಾಪಸ್ ಕೊಡುತ್ತೆ ಅನ್ನೋದನ್ನು ನೋಡಿ ಮಿಕ್ಸರ್ ತನ್ನೊಳಗೇ ಸೌಂಡ್ ಏರಿಸಿ ಇಳಿಸುತ್ತೆ. ವೈರಿನಲ್ಲಿ ಹೋಗೋದು ಬರೀ ಹೇಳಿಕೆ. ಅದಕ್ಕೆ ಜುಂಯ್ ಹತ್ತಿದರೂ ಒಳಗಿನ ಒಂದು ಕೆಪಾಸಿಟರ್ ನುಂಗಿಬಿಡುತ್ತೆ. ಪಾಟ್ 10 ಕಿಲೋ ಓಮ್, ಲೀನಿಯರ್ (ತಿರುವಿದಷ್ಟೇ ಸಮನಾಗಿ ಬದಲಾಗೋದು), ಅಂದ್ರೆ ಸಾಮಾನ್ಯವಾಗಿ ಮೈಮೇಲೆ ಬಿ ಅಂತ ಬರೆದಿರೋದು. ಲಾಗ್ ಪಾಟ್ (ಮೊದಲು ನಿಧಾನ, ಕೊನೆಗೆ ಜೋರಾಗಿ ಬದಲಾಗೋದು) ಹಾಕಿದರೆ ಸೌಂಡೆಲ್ಲ ಗುಂಡಿಯ ಕೊನೆಯ ಕಾಲುಭಾಗಕ್ಕೆ ಹೋಗಿ ಕೂರುತ್ತೆ.

ನಿಮ್ಮದೂ ಹೀಗೇ ಮಾಡಿ. ಹೊಸ ಪೈಪು ಹಾಕಿ, ಕರೆಂಟಿನ ಪೈಪಿಗಿಂತ ಒಂದಡಿ ದೂರ. ದಾಟಲೇಬೇಕಾದ ಕಡೆ ಅಡ್ಡಕ್ಕೆ ನೇರವಾಗಿ ದಾಟಿಸಿ. ಹಳೇ ಪೈಪು ಬೇಡವೇ ಬೇಡ. ಅಲ್ಲಿ 230 ವೋಲ್ಟಿನ ವೈರಿನ ಮೈ ಸವೆದರೆ ಕರೆಂಟು ಬರೋದು ಭಟ್ಟರ ಒದ್ದೆ ಕೈಯಲ್ಲಿರೋ ಗುಂಡಿಗೆ. ಫಿಟ್ ಮಾಡಿದ ಮೇಲೆ ಒಂದು ಪರೀಕ್ಷೆ: ಗುಂಡಿಯ ವೈರನ್ನು ಕಿತ್ತು ನೋಡಿ. ಕೆಲವು ಸೆಟ್‌ಗಳು ಸುಮ್ಮನಾಗುತ್ತೆ, ಕೆಲವು ಫುಲ್ ವಾಲ್ಯೂಮಿಗೆ ಹಾರುತ್ತೆ. ಮುಹೂರ್ತದ ಹೊತ್ತಿಗೆ ಇಲಿ ವೈರ್ ಕಡಿದರೆ ಏನಾಗಬೇಕು ಅನ್ನೋದನ್ನು ಇವತ್ತೇ ತೀರ್ಮಾನ ಮಾಡಿ.

ಯಾವ ಕಂಪನಿ ಅಂತ ಕೇಳಿದ್ರಿ. ಅದು ಕೊನೆಯ ಪ್ರಶ್ನೆ. ಮೊದಲು ನಿಮ್ಮ ಸ್ಪೀಕರ್ ಯಾವ ಲೈನಿನದು ಅಂತ ನೋಡಿ. 100 ವೋಲ್ಟ್ ಲೈನ್, ಅಂದ್ರೆ ಒಂದೇ ವೈರಿಗೆ ಎಷ್ಟೋ ಸ್ಪೀಕರ್ ಕಟ್ಟೋಕೆ ವೋಲ್ಟೇಜ್ ಏರಿಸಿ ಕಳಿಸೋದು, ಆಗಿದ್ದರೆ (ನಮ್ಮ ಕಡೆ ಅಹುಜಾ ಸೆಟ್ ಹಾಕಿರೋ ಭವನಗಳಲ್ಲಿ ಸಾಮಾನ್ಯವಾಗಿ ಅದೇ) ಆಂಪ್ಲಿಫೈಯರ್ ಆದ ಮೇಲೆ ಸ್ಪೀಕರಿನ ಮುಂಚೆ ಕೂರೋ ಅಟೆನ್ಯುಯೇಟರ್ ಅಂತ ಬರುತ್ತೆ. ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್, ಹಂತ ಹಂತವಾಗಿ ಇಳಿಸುತ್ತೆ. ಅದಕ್ಕೆ ಈ ಜೇನಿನ ಕಾಟ ಇಲ್ಲ, ಯಾಕಂದ್ರೆ 100 ವೋಲ್ಟಿನ ಮುಂದೆ ಗದ್ದಲ ಏನೂ ಅಲ್ಲ. ಒಂದೇ ಹಾಲಿಗೆ ಅದು ಒಳ್ಳೆಯದೇ. ವ್ಯಾಟೇಜ್ ಮಾತ್ರ ನೋಡಿ: 16 ಸ್ಪೀಕರ್, ಒಂದೊಂದೂ 6 ವ್ಯಾಟ್ ಟ್ಯಾಪಿನಲ್ಲಿ (ಎಷ್ಟು ವ್ಯಾಟ್ ಎಳೀಬೇಕು ಅಂತ ಆರಿಸೋ ಸ್ಪೀಕರಿನ ತುದಿ) ಇದ್ದರೆ 96 ವ್ಯಾಟ್ ಆಯ್ತು, 120ರದ್ದು ತಗೊಳ್ಳಿ, 60ರದ್ದು ಸುಡುತ್ತೆ. ಡಿಜೆ ಥರದ 8 ಓಮ್ ಬಾಕ್ಸುಗಳಿದ್ದರೆ ಅದರ ದಾರಿಯಲ್ಲಿ ಏನನ್ನೂ ಕೂರಿಸಬೇಡಿ. ಮೂರು ನಾಲ್ಕು ಹಾಲುಗಳಿದ್ದು ದುಡ್ಡಿದ್ದರೆ ನೆಟ್‌ವರ್ಕ್ ವೈರಿನಲ್ಲೇ ಕರೆಂಟೂ ಹೋಗೋ ಡಿಜಿಟಲ್ ಪ್ಯಾನೆಲ್‌ಗಳಿವೆ, 100 ಮೀಟರ್‌ವರೆಗೆ ಎಳೆಯಬಹುದು. ನಿಮಗೆ ಅದು ಬೇಡ.

ಇನ್ನೊಂದು ಮಾತು, ಬೇಜಾರಾಗಬೇಡಿ. ನಿಮಗೆ ಗುಂಡಿಯೇ ಬೇಕಿಲ್ಲ ಅಂತ ನನಗೆ ಅನುಮಾನ. ನಾಲ್ಕು ಮೂಲೆಗೆ ನಾಲ್ಕು ಕಾಲಂ ಸ್ಪೀಕರ್ ಅಂತ ಬರೆದಿದ್ದೀರಿ. ಮೂಲೆಯಲ್ಲಿ ಕೂತೋರಿಗೆ ಕಿವಿ ಹರಿಯುತ್ತೆ, ನಡುವೆ ಕೂತೋರಿಗೆ ಏನೂ ಕೇಳಲ್ಲ. ಗುಂಡಿ ಕೊಟ್ಟರೆ ಒಬ್ಬ ಇಳಿಸ್ತಾನೆ, ಇನ್ನೊಬ್ಬ ಏರಿಸ್ತಾನೆ, ಜಗಳ ಮಾತ್ರ ಮೂಲೆಯಿಂದ ಗೋಡೆಗೆ ಬಂತು. ಆ ಮಂಟಪದಲ್ಲಿ ಕೊನೆಗೆ ಶಾಂತಿ ಬಂದಿದ್ದು ಹದಿನಾರು ಸೀಲಿಂಗ್ ಸ್ಪೀಕರನ್ನೂ 6 ವ್ಯಾಟಿನಿಂದ 3 ವ್ಯಾಟಿನ ಟ್ಯಾಪಿಗೆ ಇಳಿಸಿ, ಎಂಟು ಹೊಸದು ಸೇರಿಸಿದ ಮೇಲೆ. ನನ್ನ ಚೆಂದದ ಗುಂಡಿಯನ್ನು ಈಗ ಯಾರೂ ಮುಟ್ಟಲ್ಲ, ಭಟ್ಟರು ಅದಕ್ಕೆ ಟವೆಲ್ ನೇತುಹಾಕ್ತಾರೆ.

ಆದರೂ ಹಾಕಿಸೋದೇ ಅಂದ್ರೆ ಗುಂಡಿಯ ಗರಿಷ್ಠ ಮಿತಿಯನ್ನು ಮಿಕ್ಸರಿನಲ್ಲೇ ಕಟ್ಟಿಹಾಕಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಹತ್ತರ ಮೇಲೆ ಅಕ್ಕಪಕ್ಕದೋರು ಪೊಲೀಸರಿಗೆ ಫೋನ್ ಮಾಡಿದರೆ ಗುಂಡಿ ತಿರುವಿದೋನು ಸಿಗಲ್ಲ, ನೀವು ಸಿಗ್ತೀರಿ.

ಆಂಪ್ಲಿಫೈಯರಿನ ಹಿಂಬದಿಯ ಒಂದು ಫೋಟೋ ಹಾಕಿ. ಸ್ಪೀಕರ್ ಟರ್ಮಿನಲ್ ಪಕ್ಕದಲ್ಲಿ 100 ವೋಲ್ಟ್ ಅಂತ ಇದೆಯಾ, ರಿಮೋಟ್ ಅಂತ ಮೂರು ಸ್ಕ್ರೂ ಏನಾದ್ರೂ ಇದೆಯಾ ಅಂತ ನೋಡಿ ಹೇಳ್ತೀನಿ. ಅಲ್ಲೀವರೆಗೆ ಆ ಪೈಪಿನೊಳಗೆ ಸ್ಪ್ರಿಂಗ್ ಬಿಡಬೇಡಿ.