ಕಲಾಸಂಘದ ಪ್ರಕಟಣೆಗಳನ್ನು ಆತ್ಮೀಯವಾಗಿ, ಸರಳವಾಗಿ ಬರೆಯುವುದು ಹೇಗೆ?

ನಿಮ್ಮ ಸಂಘದ ಪ್ರಕಟಣೆ ಸರಕಾರಿ ಸುತ್ತೋಲೆಯ ಹಾಗಿದೆ ಅಂತ ಬರೆದಿದ್ದೀರಿ. ಉಡುಪಿಯ ಒಂದು ಸಣ್ಣ ಯಕ್ಷಗಾನ ಸಂಘಕ್ಕೆ ಆಮಂತ್ರಣ, ವಾಟ್ಸಾಪ್ ಸಂದೇಶ, ದೇಣಿಗೆ ಪತ್ರ ಎಲ್ಲ ಬರೆಯುವವನು ನಾನೇ. ಈ ದೂರು ನಮಗೂ ಹೊಸದಲ್ಲ.

"ನಲ್ಮೆಯ ಕಲಾಬಂಧುಗಳೇ" ಅಂತ ಕರೆದುಬಿಟ್ಟು, ಆಟ (ಯಕ್ಷಗಾನ ಪ್ರದರ್ಶನ) ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತಲೇ ಹೇಳದಿದ್ದರೆ ಅದರಲ್ಲಿ ಆತ್ಮೀಯತೆ ಎಲ್ಲಿ ಬಂತು? ಸಂಘದ ಫೋನಿಗೆ ಜನ ಏನು ಕೇಳುತ್ತಾರೋ ಅದನ್ನು ಗುರುತು ಹಾಕಿಕೊಳ್ಳಿ. ಯಕ್ಷಗಾನದ ಎರಡು ಶೈಲಿಗಳಲ್ಲಿ ಯಾವುದು, ತೆಂಕಾ, ಬಡಗಾ? ರಾತ್ರಿಯಿಡೀ ಉಂಟಾ, ಕಾಲಮಿತಿಯಾ (ಕೆಲವೇ ಗಂಟೆಯದ್ದಾ)? ಅಮ್ಮನಿಗೆ ಕೂರಲು ಕುರ್ಚಿ ಸಿಗ್ತದಾ? ಮುಗಿದ ಮೇಲೆ ಬಸ್ ಇರ್ತದಾ? ಫೋನಿನಲ್ಲಿ ನೀವು ಕೊಡುವ ಉತ್ತರವನ್ನೇ ಬರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಪ್ರಸಿದ್ಧ ಕಲಾವಿದರ ಕೂಡುವಿಕೆಯಲ್ಲಿ ತಾಳಮದ್ದಳೆ ಕಾರ್ಯಕ್ರಮವನ್ನು ಏರ್ಪಡಿಸಲಾಗಿದ್ದು, ಕಲಾಭಿಮಾನಿಗಳು ಅಧಿಕ ಸಂಖ್ಯೆಯಲ್ಲಿ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ."

ನಾನಾದರೆ ಹೀಗೆ ಬರೆಯುತ್ತೇನೆ (ಪತ್ತನಾಜೆ ಅಂದರೆ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ವರ್ಷದ ತಿರುಗಾಟ ಮುಗಿಸುವ ತುಳುನಾಡಿನ ದಿನ): "ಪತ್ತನಾಜೆ ಕಳೆಯಿತು, ಮೇಳಗಳ ತಿರುಗಾಟ ಮುಗಿಯಿತು. ಮಳೆಗಾಲಕ್ಕೆ ಒಂದು ತಾಳಮದ್ದಳೆ ಇಟ್ಟುಕೊಂಡಿದ್ದೇವೆ. ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ, ಕೌರವ ಜಗ್ಗುವುದಿಲ್ಲ. ಇಬ್ಬರ ಜಟಾಪಟಿ ಕೇಳಲು ಬನ್ನಿ. ಸಂಜೆ 4ಕ್ಕೆ ಶುರು, 8ಕ್ಕೆ ಮುಗಿಯುತ್ತದೆ. ಟಿಕೆಟ್ ಇಲ್ಲ. ಮಧ್ಯೆ ಚಾ ಉಂಟು."

ಇಲ್ಲಿ ಹೊಗಳಿಕೆ ಒಂದೂ ಇಲ್ಲ, ನೋಡಿ. ಆದರೆ ತಾಳಮದ್ದಳೆಯನ್ನೇ ನೋಡದವರಿಗೂ ಹೋದರೆ ಏನಿರುತ್ತದೆ ಅಂತ ಗೊತ್ತಾಗುತ್ತದೆ. ಸರಳ ಮಾಡುವ ಹುರುಪಿನಲ್ಲಿ ಚೌಕಿ (ವೇಷ ಕಟ್ಟುವ ಜಾಗ), ಹಿಮ್ಮೇಳ (ಹಾಡುವವರು, ಚೆಂಡೆ ಮದ್ದಳೆಯವರು), ಅರ್ಥಧಾರಿ ಇಂಥ ಮಾತುಗಳನ್ನು ಮಾತ್ರ ತೆಗೆಯಬೇಡಿ. ಹೊಸಬರಿಗೆ ಪಕ್ಕದಲ್ಲಿ ಒಂದು ವಾಕ್ಯ ಸಾಕು. ಹಳಬರಿಗೆ ಪಾಠ ಮಾಡಿದ ಹಾಗೂ ಆಗಬಾರದು, ಅಲ್ವಾ? ಬಡಗಿನ ಆಟವಾದರೆ ಮಂಡಿಯೂರಿ ಗರಗರ ತಿರುಗುವುದನ್ನು ಹೇಳಿ, ತೆಂಕಾದರೆ ದಿಗಿಣ (ಮೇಲಕ್ಕೆ ಹಾರಿ ಸುತ್ತುವುದು). "ಅದ್ಭುತ ನೃತ್ಯ" ಅಂದರೆ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ.

ದೇಣಿಗೆ ಪತ್ರದಲ್ಲೂ ಅಷ್ಟೇ. "ತನು ಮನ ಧನಗಳಿಂದ ಸಹಕರಿಸಿ" ಅನ್ನುವ ಬದಲು ಹಿಮ್ಮೇಳದವರ ಸಂಭಾವನೆಗೆ ಎಷ್ಟು, ವೇಷಭೂಷಣದ ಬಾಡಿಗೆಗೆ ಎಷ್ಟು, ಊಟಕ್ಕೆ ಎಷ್ಟು ಅಂತ ಬರೆಯಿರಿ.

ಇನ್ನು ಸಮಿತಿಯ ಕಥೆ. ಗಣ್ಯರ ಹೆಸರು, ಬಿರುದು, ಹುದ್ದೆ ಬಿಡಿ ಅಂದರೆ ಯಾರೂ ಒಪ್ಪುವುದಿಲ್ಲ. ಸುಮ್ನೆ ಜಗಳ ಬೇಡ. ಅಚ್ಚಿನ ಆಮಂತ್ರಣದಲ್ಲಿ ಎಲ್ಲರ ಹೆಸರೂ ಇರಲಿ. ಜನ ಜಾಸ್ತಿ ಓದುವುದು ವಾಟ್ಸಾಪಿನಲ್ಲಿ. ಅಲ್ಲಿ ಮೇಲಿನ ಸಾಲುಗಳಲ್ಲಿ ಪ್ರಸಂಗ (ಆಡುವ ಕಥೆ), ಜಾಗ, ಹೊತ್ತು ಬರಲಿ, ಉದ್ಘಾಟಕರು ಕೆಳಗೆ ಬರಲಿ. ಇಷ್ಟಕ್ಕೆ ನಮ್ಮ ಅಧ್ಯಕ್ಷರೂ ಒಪ್ಪಿದ್ದಾರೆ.